ಮೂರು ಬಾರ್ ಲೇಬಲ್, ಮೂರು ಮೀಟರ್ ಟ್ಯಾಂಕ್

2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿಯು ನಲ್ಲಿಗಳಿಗೆ ಏರೇಟರ್, ಅಂದರೆ ಹರಿವು ತಗ್ಗಿಸುವ ತುದಿಯ ಜಾಲರಿ, ಕಡ್ಡಾಯಗೊಳಿಸಿದ್ದರ ಮುಂದಿನ ಹೆಜ್ಜೆಯಾಗಿ, ನೀರುಳಿತಾಯದ ಲೇಬಲ್ ಇಲ್ಲದ ನಲ್ಲಿ, ಶವರ್, ಕಮೋಡುಗಳಿರುವ ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಕೊಡಲೇಬಾರದು ಎಂದು ವಾದಿಸುವವರ ಉದ್ದೇಶ ಸರಿಯಾದದ್ದೇ, ಆದರೆ ಅವರು ನೆಚ್ಚಿಕೊಂಡಿರುವ ಅಂಕಿ ನಮ್ಮ ಮನೆಗಳದ್ದಲ್ಲ. ಭಾರತೀಯ ಮಾನಕ ಬ್ಯೂರೋ 2021ರಲ್ಲೇ ನೀರುಳಿತಾಯದ ಸಾಧನಗಳಿಗಾಗಿ ಐಎಸ್ 17650 ಮಾನಕವನ್ನು ಹೊರತಂದಿರುವುದರಿಂದ ಲೇಬಲ್ ಎಲ್ಲಿಂದ ತರುವುದೆಂಬ ಪ್ರಶ್ನೆ ಈಗ ಉಳಿದಿಲ್ಲ. ಅದು ಯಾವ ಒತ್ತಡದ ಲೆಕ್ಕವನ್ನು ಹೇಳಬೇಕೆಂಬುದೇ ಪ್ರಶ್ನೆ.

ಹಸಿರು ಪ್ರಮಾಣಪತ್ರ ನೀಡುವ ಭಾರತೀಯ ಹಸಿರು ಕಟ್ಟಡ ಮಂಡಳಿ, ಅಂದರೆ ಐಜಿಬಿಸಿ, ಉಳಿತಾಯವನ್ನು ಅಳೆಯುವುದು ನಲ್ಲಿಗೆ ನಿಮಿಷಕ್ಕೆ 6 ಲೀಟರ್, ಶವರ್‌ಗೆ 10 ಲೀಟರ್ ಎಂಬ ಮೂಲಮಾನಕ್ಕೆ ಹೋಲಿಸಿ, ಮತ್ತು ಆ ಮೂಲಮಾನ 3 ಬಾರ್ ಒತ್ತಡದ್ದು. ಒಂದು ಬಾರ್ ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡವಾದ್ದರಿಂದ, 3 ಬಾರ್ ಸಿಗಬೇಕಾದರೆ ಟ್ಯಾಂಕ್ ನಲ್ಲಿಗಿಂತ ಹತ್ತು ಮಹಡಿ ಮೇಲಿರಬೇಕು. ತಾರಸಿಯ ಟ್ಯಾಂಕಿಗೆ ಮೂರು ಮೀಟರ್ ಕೆಳಗಿರುವ ಬಚ್ಚಲಿನಲ್ಲಿ ಒತ್ತಡ ಅದರ ಹತ್ತನೇ ಒಂದು ಪಾಲು. ಸಾಮಾನ್ಯ ನಲ್ಲಿಯಲ್ಲಿ ಹರಿವು ಒತ್ತಡದ ವರ್ಗಮೂಲದಂತೆ ತಗ್ಗುವುದರಿಂದ, 6 ಲೀಟರಿನ ನಲ್ಲಿ ಅಲ್ಲಿ ಎರಡು ಲೀಟರನ್ನೂ ಕೊಡುವುದಿಲ್ಲ. ಲೇಬಲ್ ಪ್ರಕಾರ ಎರಡೂವರೆ ನಿಮಿಷದಲ್ಲಿ ತುಂಬಬೇಕಾದ 15 ಲೀಟರಿನ ಬಕೆಟ್ ಎಂಟು ನಿಮಿಷ ಹಿಡಿದಾಗ, ಮನೆಯವರು ನಲ್ಲಿಯ ತುದಿಯ ಜಾಲರಿಯನ್ನು ತಿರುಗಿಸಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಡುತ್ತಾರೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇಲ್ಲ. ಬಕೆಟ್ಟಿನಲ್ಲಿ ಸ್ನಾನ ಮಾಡುವ ಮನೆಯಲ್ಲಿ ನೀರು ನಿಧಾನವಾಗಿ ಬಂದರೂ ಬೇಗ ಬಂದರೂ ಖರ್ಚಾಗುವುದು ಅದೇ ಒಂದು ಬಕೆಟ್ ತಾನೇ. ಇಪ್ಪತ್ತು ಮಹಡಿಯ ಕಟ್ಟಡದ ನೆಲಮಹಡಿಯಲ್ಲಿ ಇದು ತಿರುಗುಮುರುಗಾಗುತ್ತದೆ: ಒತ್ತಡ ತಗ್ಗಿಸುವ ವಾಲ್ವ್ ಕೂರಿಸದಿದ್ದರೆ ಅದೇ ನಲ್ಲಿ ಎಂಟು ಲೀಟರಿಗೂ ಹೆಚ್ಚು ಸುರಿಸುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2006ರಲ್ಲಿ ಆರಂಭಿಸಿದ ವಾಟರ್‌ಸೆನ್ಸ್ ಲೇಬಲ್ ಇಲ್ಲಿನ ಚರ್ಚೆಗಳಲ್ಲಿ ಮತ್ತೆ ಮತ್ತೆ ಮಾದರಿಯಾಗಿ ಬರುತ್ತದಾದರೂ, ಅದರ ಎರಡನೇ ಷರತ್ತನ್ನು ಯಾರೂ ಎತ್ತುವುದಿಲ್ಲ. ಕೈತೊಳೆಯುವ ಬೇಸಿನ್ನಿನ ನಲ್ಲಿ 4 ಬಾರ್‌ಗಿಂತ ತುಸು ಹೆಚ್ಚಿನ ಒತ್ತಡದಲ್ಲಿ ನಿಮಿಷಕ್ಕೆ 5.7 ಲೀಟರ್ ಮೀರಬಾರದು ಎಂಬುದು ಮೊದಲನೆಯದಾದರೆ, ಒತ್ತಡ 1.4 ಬಾರ್‌ಗೆ ಇಳಿದಾಗಲೂ 3 ಲೀಟರ್ ಕೊಡಲೇಬೇಕು ಎಂಬುದು ಎರಡನೆಯದು. ಗರಿಷ್ಠ ಮಿತಿಯ ಜೊತೆಗೆ ಕನಿಷ್ಠ ಮಿತಿಯನ್ನೂ ಹಾಕಿದ್ದರಿಂದಲೇ ಅದು ಬಳಸುವವರ ಪರವಾದ ಲೇಬಲ್ ಆಯಿತು.

ಒತ್ತಡದ ಹಂಗಿಲ್ಲದ ಸಾಧನವೊಂದಿದೆ, ಅದು ಕಮೋಡಿನ ಫ್ಲಶ್ ಟ್ಯಾಂಕ್. 6 ಮತ್ತು 3 ಲೀಟರಿನ ಎರಡು ಗುಂಡಿಗಳಿರುವ ಟ್ಯಾಂಕ್ ಯಾವ ಮಹಡಿಯಲ್ಲಿದ್ದರೂ ಅಷ್ಟೇ ನೀರನ್ನು ಬಿಡುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ತಲೆಗೆ ದಿನಕ್ಕೆ ಲೆಕ್ಕ ಹಾಕುವ 135 ಲೀಟರಿನಲ್ಲಿ 45 ಲೀಟರ್ ಫ್ಲಶ್ಶಿಗೇ ಮೀಸಲಾಗಿರುವಾಗ ಕಡ್ಡಾಯ ಲೇಬಲ್ ಅಲ್ಲಿಂದಲೇ ಆರಂಭವಾಗಬೇಕು. ನಲ್ಲಿಯ ಲೇಬಲ್ಲಿನ ಮೇಲೆ 3 ಬಾರ್ ಹರಿವಿನ ಪಕ್ಕದಲ್ಲೇ 0.3 ಬಾರ್ ಹರಿವನ್ನೂ ಅಚ್ಚುಹಾಕಬೇಕು; ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ಪರಿಶೀಲಕರು ಖರೀದಿ ಬಿಲ್ಲುಗಳನ್ನು ಎಣಿಸುವುದನ್ನು ಬಿಟ್ಟು, ಮೇಲಿನ ಮಹಡಿಯಲ್ಲೊಮ್ಮೆ, ನೆಲಮಹಡಿಯಲ್ಲೊಮ್ಮೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಬೇಕು.