ಕಾಯಿಲೆ ಹುಡುಗನಿಗಲ್ಲ

“ಕಾದಂಬರಿ ತುಂಬಾ ಡಾರ್ಕ್ ಗುರು, ಆ ಹುಡುಗನಿಗೆ ಕೌನ್ಸೆಲಿಂಗ್ ಬೇಕಿತ್ತು” ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯ ನಾಣಿಗೆ ಯಾವ ಕಾಯಿಲೆ ಇತ್ತು? ವಿಧವೆ ಯಮುನಕ್ಕ ಬಸುರಾದಳೆಂದು, ಬದುಕಿದ್ದಾಗಲೇ ಶ್ರಾದ್ಧ ಮಾಡಿ ಅವಳನ್ನು ಹೊರಗಟ್ಟಿದ್ದನ್ನು ಆ ಹುಡುಗ ಕಂಡ, ಕಂಗಾಲಾದ. ಕಾಯಿಲೆ ಅಗ್ರಹಾರದ್ದು. 1977ರಲ್ಲಿ ಅದನ್ನು ಸಿನಿಮಾ ಮಾಡಿದ ಗಿರೀಶ ಕಾಸರವಳ್ಳಿ ಕೂಡ ನಮ್ಮ ಸಮಾಧಾನಕ್ಕೆಂದು ಸುಖಾಂತ್ಯ ಅಂಟಿಸಲಿಲ್ಲ.

ಅಗ್ರಹಾರದ ಕಾಲ ಮುಗೀತು ಅಂತೀರಾ? ಬಿಡದಿ ಪಕ್ಕದ ಬೈರಮಂಗಲಕ್ಕೆ ಬನ್ನಿ. ಬೆಂಗಳೂರಿನ ಕಕ್ಕಸು, ಬಚ್ಚಲು, ಕಾರ್ಖಾನೆಗಳ ನೀರನ್ನು ವೃಷಭಾವತಿ ದಶಕಗಳಿಂದ ಹೊತ್ತು ತಂದದ್ದು ಅಲ್ಲಿನ ಕೆರೆಗೇ. ಆ ನೊರೆ, ನಾತದ ದಂಡೆಯಲ್ಲಿ ಬೆಳೆದ ಹುಡುಗನೊಬ್ಬನ ಕಾದಂಬರಿ ನಾಳೆ ಬಂದರೆ, “ಭರವಸೆಯೇ ಇಲ್ಲ” ಅಂತ ರೇಟಿಂಗ್ ಇಳಿಸಬೇಡಿ. ಭರವಸೆಯನ್ನು ಫ್ಲಶ್ ಮಾಡಿದವರು ನಾವೇ.