ಅಂಚೆ ಪೆಟ್ಟಿಗೆಗೊಬ್ಬ ಕಾವಲುಗಾರ

ಹೋದ ವರ್ಷ ಹಳೆ ವಿದ್ಯಾರ್ಥಿಗಳ ಕೂಟದ ಆಮಂತ್ರಣವನ್ನು ಪರಿಚಯದ ಸಂಸ್ಥೆಯೊಂದರ ಸರ್ವರ್ ಮೂಲಕ ಈ-ಮೇಲ್‌ನಲ್ಲಿ ಕಳಿಸಿದೆವು. ಅರ್ಧಕ್ಕರ್ಧ ಪತ್ರಗಳು ಮರಳಿ ಬಂದವು. ವಿಚಾರಿಸಿದರೆ, ಅಲ್ಲಿಯ ಸಿಬ್ಬಂದಿಯೊಬ್ಬರ ಪಾಸ್‌ವರ್ಡ್ 123456 ಅಂತೆ! ಯಾರೋ ಅದನ್ನು ಊಹಿಸಿ, ಒಂದೇ ರಾತ್ರಿಯಲ್ಲಿ ಅವರ ಹೆಸರಿನಿಂದ ಸಾವಿರಾರು ಜಾಹೀರಾತು ಕಳಿಸಿಬಿಟ್ಟಿದ್ದರು.

"ಸರ್, ತಪ್ಪು ಒಬ್ಬರದು. ನಮ್ಮ ಕಾಗದ ಯಾಕೆ ತಡೀಬೇಕು?" ಎಂದು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು.

ಶಿರಾಲಿ ಪೇಟೆಯ ಕೆಂಪು ಅಂಚೆ ಪೆಟ್ಟಿಗೆಗೆ ಕಾಗದ ಹಾಕುವಾಗ ನಿಮ್ಮ ಹೆಸರು ಯಾರಾದರೂ ಕೇಳುತ್ತಾರೆಯೇ? 'ಇಂದ' ಎಂಬಲ್ಲಿ ರಾಷ್ಟ್ರಪತಿಗಳ ಹೆಸರು ಬರೆದರೂ ಪೆಟ್ಟಿಗೆ ಬೇಡವೆನ್ನದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಈ-ಮೇಲ್ ಸಾಗಣೆಯ ನಿಯಮಗಳೂ ಹೀಗೆಯೇ ಇದ್ದವು. ಆಗಿನ ಬಳಕೆದಾರರು ಹೆಚ್ಚಾಗಿ ಪರಸ್ಪರ ಪರಿಚಿತ ವಿದ್ವಾಂಸರು, ನಂಬಿಕೆಯೇ ಬೀಗ. ಆದರೂ ಅದಕ್ಕೂ ಮೊದಲೇ, 1978ರ ಮೇ 3ರಂದು, ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಜನರಿಗೆ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ.

ಅಂಚೆ ಕಾಗದಕ್ಕಾದರೆ ಪ್ರತಿಯೊಂದಕ್ಕೂ ಚೀಟಿಯ ಖರ್ಚಿದೆ. ಇಲ್ಲಿ ಒಂದು ಪತ್ರ, ಸಾವಿರ ವಿಳಾಸ ಕೊಟ್ಟರಾಯಿತು. ಪ್ರತಿ ತೆಗೆದು ಹಂಚುವ ಕೂಲಿಕೆಲಸ ಸರ್ವರ್‌ನದು. 1990ರ ದಶಕದಲ್ಲಿ ಬಹಳಷ್ಟು ಸರ್ವರ್‌ಗಳು ದಾರಿಹೋಕರ ಪತ್ರಗಳನ್ನೂ ಸಾಗಿಸುತ್ತಿದ್ದವು. ಬೇಸತ್ತವರು ಕಪ್ಪುಪಟ್ಟಿ ಹಾಕತೊಡಗಿದರು. 1998ರಲ್ಲಿ ಶುರುವಾದ ಸ್ಪ್ಯಾಮ್‌ಹೌಸ್ ಸಂಸ್ಥೆ ಈ ಕೆಲಸಕ್ಕೇ ಹೆಸರಾಗಿದೆ. ಪಟ್ಟಿಯಲ್ಲಿ ನಮೂದಾಗುವುದು ಸಾಮಾನ್ಯವಾಗಿ ಸರ್ವರ್‌ನ ಸಂಖ್ಯೆ, ಬಳಕೆದಾರನ ಹೆಸರಲ್ಲ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಹೊರಗಿನವರಿಗೆ ಕಾಣುವುದು ಮನೆ ಮಾತ್ರ, ಮನೆಯೊಳಗಿನ ಕಳ್ಳ ಯಾರೆಂದು ಕಾಣದು.

ಹಾಗಾದರೆ ಕಾವಲು ಮನೆಯವರೇ ಕಾಯಬೇಕು. 1999ರಲ್ಲಿ ಬಂದ ನಿಯಮದಿಂದ, ಪತ್ರ ಪಡೆಯುವ ಮೊದಲು ಹೆಸರು, ಪಾಸ್‌ವರ್ಡ್ ಕೇಳಲು ಸರ್ವರ್‌ಗೆ ದಾರಿಯಾಯಿತು. ಆದರೆ ಪಾಸ್‌ವರ್ಡೇ ಕಳುವಾದರೆ? ಎಣಿಕೆಯೂ ಒಂದು ಉಪಾಯ. ಜಿ-ಮೇಲ್‌ನ ಸಾಮಾನ್ಯ ಖಾತೆಯಿಂದ ದಿನಕ್ಕೆ 500 ವಿಳಾಸಗಳಿಗಷ್ಟೇ ಕಳಿಸಬಹುದು.

ಎಣಿಕೆಯ ಕಡಿವಾಣವನ್ನು ನಮ್ಮ ರಾಜ್ಯ ಇನ್ನೊಂದು ರೂಪದಲ್ಲಿ ಕಂಡಿದೆ. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಆಗಸ್ಟ್ 17ರಂದು ಕೇಂದ್ರ ಸರಕಾರ ದೇಶಾದ್ಯಂತ ಸಗಟು ಸಂದೇಶಗಳನ್ನು 15 ದಿನ ನಿಷೇಧಿಸಿತು. ಒಬ್ಬರಿಗೆ ದಿನಕ್ಕೆ ಐದೇ ಸಂದೇಶ. ಕೆಲ ದಿನಗಳಲ್ಲಿ ಇಪ್ಪತ್ತಕ್ಕೆ ಏರಿಸಿದರು. ತುರ್ತಿಗೆ ಅದು ಬೇಕಿತ್ತೇನೋ. ಆದರೆ ಎಣಿಕೆಗೆ ಸುಳ್ಳು-ನಿಜ ತಿಳಿಯದು. "ಅಮ್ಮಾ, ಸುಖವಾಗಿ ತಲುಪಿದೆ" ಎಂಬುದೂ ಐದರಲ್ಲಿ ಒಂದಾಯಿತು.

ಎಲ್ಲರಿಗೂ ಒಂದೇ ಅಳತೆ ಸಲ್ಲ ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ ಹತ್ತು ಪತ್ರ ಬರೆಯುವ ಗುಮಾಸ್ತರ ಖಾತೆಯಿಂದ ರಾತ್ರಿ ಎರಡಕ್ಕೆ ಎರಡು ಸಾವಿರ ಹೊರಟರೆ, ಆ ಒಂದು ಖಾತೆಯನ್ನಷ್ಟೇ ತಡೆದು ಬೆಳಿಗ್ಗೆ ವಿಚಾರಿಸಬೇಕು. ಆ ಸಂಸ್ಥೆ ಹೀಗೆ ಮಾಡಿದ್ದರೆ ನಮ್ಮ ಆಮಂತ್ರಣ ಸುಗಮವಾಗಿ ಹೋಗುತ್ತಿತ್ತು. ಈಗ ಮಾಡಿದ್ದಾರಂತೆ, ಪಾಸ್‌ವರ್ಡ್ ಕೂಡ ಬದಲಾಗಿದೆ.

ನಾವು ಮಾತ್ರ ಆ ಸಲ ಅಂಚೆ ಕಾರ್ಡಿಗೇ ಶರಣಾದೆವು. ಹೊನ್ನಾವರದ ಒಬ್ಬರಿಗೆ ಅದು ಕೂಟ ಮುಗಿದ ಮರುದಿನ ತಲುಪಿತು.