ಪುಸ್ತಕ ಎತ್ತಿಕೊಟ್ಟರೆ ಯಾರ ಮಾನ ಹೋಗುತ್ತೆ?

ಇವತ್ತು ಆಗಸ್ಟ್ 12. ಎಸ್.ಆರ್. ರಂಗನಾಥನ್ ಹುಟ್ಟಿದ ದಿನ ಅಂತ ಆಚರಿಸೋ ಗ್ರಂಥಪಾಲಕರ ದಿನ. ಆದರೆ ಪರಿಚಯದ ಗ್ರಂಥಪಾಲಕರೊಬ್ಬರು ಬೆಳಿಗ್ಗೆ ಹಾಕಿದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ: "ನಾವು ಪುಸ್ತಕ ಎತ್ತಿಕೊಡೋ ಅಟೆಂಡರ್‌ಗಳಲ್ಲ, ಮಾಹಿತಿ ವಿಜ್ಞಾನಿಗಳು."

ಸಾರ್, ನಿಮ್ಮ ಪದವಿಗೆ ನನ್ನ ಗೌರವ ಇದೆ. ಪುಸ್ತಕ ಎತ್ತಿಕೊಡೋದು ಯಾವಾಗಿನಿಂದ ಅವಮಾನ ಆಯ್ತು?

ಪಿಯುಸಿ ಓದುವಾಗ ನಮ್ಮೂರ ಹತ್ತಿರದ ಗ್ರಂಥಾಲಯದಲ್ಲಿ ಅಂಬೇಡ್ಕರ್ ಸಂಪುಟ ಕೇಳಿದ್ದೆ. ಗಾಜಿನ ಬೀರುವಿನಲ್ಲಿ ಕಣ್ಣೆದುರೇ ಇತ್ತು, ಬೀಗ ಹಾಕಿತ್ತು. "ಯಾವ ಹಾಸ್ಟೆಲ್ನೋನು ನೀನು?" ಅಂದ್ರು. ಬೀಗದ ಕೈ ಇಲ್ಲ ಅಂತ ಮೂರು ದಿನ ಅಲೆಸಿದ್ರು. ನಾಲ್ಕನೇ ದಿನ ಮೇಜಿನ ಮೇಲೆ ತಳ್ಳಿದ್ರು, ಕೈಗೆ ಕೊಡಲಿಲ್ಲ. 1917ರಲ್ಲಿ ಬರೋಡಾದ ಕಚೇರಿಯಲ್ಲಿ ಜವಾನರು ಬಾಬಾಸಾಹೇಬರ ಮೇಜಿಗೆ ಫೈಲು ದೂರದಿಂದ ಎಸೀತಿದ್ರು ಅಂತ ಆಮೇಲೆ ಓದಿದೆ. ನಂಗೆ ಆಶ್ಚರ್ಯ ಆಗಲಿಲ್ಲ.

ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಅದರಲ್ಲಿ ಪುಸ್ತಕದ ಬಳಕೆ ಇದೆ, ಓದುಗ ಇದ್ದಾನೆ, ಓದುಗನ ಸಮಯವೂ ಇದೆ. ಗ್ರಂಥಪಾಲಕನ ಕುರ್ಚಿ ಎಷ್ಟು ಎತ್ತರ ಇರಬೇಕು ಅನ್ನೋ ಸೂತ್ರ ಒಂದೂ ಇಲ್ಲ.

ಸೇವೆ ಮಾಡಿದ್ರೆ ಕೀಳಾಗ್ತೀನಿ ಅನ್ನೋ ಭಯ ಇದೆಯಲ್ಲ, ಅದನ್ನ ಗ್ರಂಥಾಲಯ ವಿಜ್ಞಾನ ಕಲಿಸಿಲ್ಲ. ಜಾತಿ ಕಲಿಸಿದೆ. ಕೈಯಲ್ಲಿ ಮಾಡೋದು ಕೀಳು, ಕೂತು ಹೇಳೋದು ಮೇಲು ಅನ್ನೋ ಪಾಠ ಅದು. ರೋಗೀನ ಮುಟ್ಟಿದ ಡಾಕ್ಟರು ಡಾಕ್ಟರೇ ಆಗಿರ್ತಾರೆ. ಓದುಗನಿಗೆ ಬೇಕಾದ್ದು ಯಾವುದು ಅಂತ ವಿಚಾರಿಸಿ, ಹುಡುಕಿ, ಅವನ ಕೈಗಿಡೋದೇ ನಿಮ್ಮ ವಿದ್ಯೆ.

ನಿಮಗೆ ಆಗ್ತಿರೋ ಅನ್ಯಾಯ ಬೇರೆ ಕಡೆ ಇದೆ. 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಜೊತೆ ಜನರಿಂದ ಗ್ರಂಥಾಲಯ ಕರ ವಸೂಲಿ ಮಾಡ್ತಾರೆ. ಅದೇ ರಾಜ್ಯದಲ್ಲಿ ಹಳ್ಳಿ ಗ್ರಂಥಾಲಯದ ಮೇಲ್ವಿಚಾರಕರು ವರ್ಷಗಟ್ಟಲೆ ಪುಡಿಗಾಸಿನ ಗೌರವಧನದಲ್ಲಿ ದುಡಿದರು. ಆ ಕರದ ಲೆಕ್ಕ ಕೇಳಿ, ಸಂಬಳ ಕೇಳಿ. ಧರಣಿಗೆ ನಾನೂ ಬರ್ತೀನಿ. ಆದರೆ ಸರ್ಕಾರ ಕೊಡದ ಗೌರವಾನ ಹಾಸ್ಟೆಲ್ ಹುಡುಗನ ಹತ್ರ ವಸೂಲಿ ಮಾಡಬೇಡಿ.

ನಾಳೆ ಒಬ್ಬಳು ಹುಡುಗಿ ಅದೇ ಸಂಪುಟ ಕೇಳಿಕೊಂಡು ಬರಬಹುದು. ಎದ್ದು ನಿಂತು, ಬೀಗ ತೆಗೆದು, ಅವಳ ಕೈಗೆ ಕೊಡಿ.

ಜೈ ಭೀಮ್.